ಮಸಿಬಟ್ಟೆಯ ಗುರುತು

ನನಗೆ ಅನುಮಾನ ಹುಟ್ಟುಗುಣ. ಹಾಲಿನವಳು ಅಳೆದು ಹೊಯ್ದ ಹಾಲನ್ನು ಒಳಗೆ ತಂದು ಇನ್ನೊಂದು ಸಲ ಅಳೆಯುತ್ತಿದ್ದೆ. ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಅವನ ಮುಖ ನೋಡಿಕೊಂಡೇ ಎಣಿಸುತ್ತಿದ್ದೆ. ಮಠದಲ್ಲಿ ಪ್ರಸಾದ ಕೊಟ್ಟರೂ ಮೂಸಿ ನೋಡಿ ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂದು ಅವ್ವ ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಇದೆಲ್ಲ ಜಾಣತನ ಎಂದು ನಾನು ಬಹಳ ವರ್ಷ ನಂಬಿದ್ದೆ. ಹಾಗಲ್ಲ ಎಂದು ತಿಳಿಸಿಕೊಟ್ಟವಳು ಚಿಪ್ಪು ಕೊಳ್ಳಲು ಬರುತ್ತಿದ್ದ ಒಬ್ಬ ಹೆಂಗಸು.

ನಮ್ಮ ಮನೆ ಕಡೂರಿನಲ್ಲಿ, ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಬೀದಿಯಲ್ಲಿತ್ತು. ಅಪ್ಪನದು ಕೊಬ್ಬರಿ ವ್ಯಾಪಾರ. ಸುತ್ತಲ ಹಳ್ಳಿಗಳಿಂದ ಕಾಯಿ ಕೊಂಡು ತಂದು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಬೇಕು. ಆಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಗೆ ಪೆಟ್ಟಾಗದ ಹಾಗೆ ಬಿಡಿಸಬೇಕು. ಬಿಡಿಸುವುದು ಹೆಂಗಸರ ಕೆಲಸ. ಅದಕ್ಕೆ ಕೂಲಿ ಇಲ್ಲ. ಕೂಲಿಯ ಬದಲಿಗೆ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇತ್ತು: ಕೊಬ್ಬರಿ ಗಂಡಸರದು, ಚಿಪ್ಪು ಹೆಂಗಸರದು. ಚಿಪ್ಪು ಮಾರಿದ ದುಡ್ಡು ಎಷ್ಟು ಅಂತ ಗಂಡ ಕೇಳಬಾರದು, ಹೆಂಡತಿ ಹೇಳಬಾರದು.

ಕೇಳಬಾರದು ಎಂದಿತ್ತೇ ಹೊರತು ಹುಡುಕಬಾರದು ಎಂದಿರಲಿಲ್ಲ. ಅವ್ವ ಸಾಸಿವೆ ಡಬ್ಬಿಯಲ್ಲಿಟ್ಟರೆ ಅಪ್ಪನಿಗೆ ಸಾಸಿವೆ ಡಬ್ಬಿ ಗೊತ್ತಾಗುತ್ತಿತ್ತು, ರಾಗಿ ವಾಡೆಯಲ್ಲಿಟ್ಟರೆ ರಾಗಿ ವಾಡೆ ಗೊತ್ತಾಗುತ್ತಿತ್ತು. ತೆಗೆದುಕೊಂಡದ್ದನ್ನು ಅಪ್ಪ ಸಾಲ ಎನ್ನುತ್ತಿದ್ದ. ಆ ಸಾಲ ತೀರಿದ್ದನ್ನು ನಾನು ನೋಡಿಲ್ಲ. ಅಪ್ಪ ಕೆಟ್ಟವನಲ್ಲ, ಬೀದಿಯ ಗಂಡಸರೆಲ್ಲ ಹಾಗೇ ಇದ್ದರು.

ಎಮರ್ಜೆನ್ಸಿ ಬಂದ ವರ್ಷ ನನಗೆ ಹನ್ನೆರಡು. ಆ ವರ್ಷವೇ ಚಿಪ್ಪಿನವ್ವ ಮೊದಲ ಸಲ ನಮ್ಮ ಹಿತ್ತಲ ಬಾಗಿಲಿಗೆ ಬಂದದ್ದು. ಅವಳ ಹೆಸರನ್ನು ಯಾರೂ ಕೇಳಲಿಲ್ಲ. ನಲವತ್ತರ ಆಸುಪಾಸಿನ ಹೆಂಗಸು, ಗಂಡ ಇಲ್ಲ, ಹೆಗಲಿಗೆ ಕಾಕಿ ಚೀಲ, ಕೈಯಲ್ಲಿ ತಕ್ಕಡಿ. ಮನೆ ಮನೆಯ ಚಿಪ್ಪು ಕೊಂಡು, ಗುಂಡಿಯಲ್ಲಿ ಸುಟ್ಟು, ಇದ್ದಿಲು ಮಾಡಿ ಅಕ್ಕಸಾಲಿಗರಿಗೂ ಇಸ್ತ್ರಿ ಅಂಗಡಿಗಳಿಗೂ ಮಾರುತ್ತಿದ್ದಳು. ಹೆಂಗಸೊಬ್ಬಳು ಸ್ವಂತಕ್ಕೆ ಅಂಥ ವ್ಯಾಪಾರ ಮಾಡುವುದನ್ನು ನಮ್ಮ ಬೀದಿ ಕಂಡಿರಲಿಲ್ಲ. ಅಷ್ಟೇ ಆಗಿದ್ದರೆ ಕಣ್ಣರಳಿಸಿ ಸುಮ್ಮನಾಗುತ್ತಿದ್ದರು. ಆದರೆ ಅವಳು ಚಿಪ್ಪು ತೂಗಿ ದುಡ್ಡು ಕೊಟ್ಟ ಮೇಲೆ ಎದ್ದು ಹೋಗುತ್ತಿರಲಿಲ್ಲ. ತಕ್ಕಡಿ ಮಡಿಸಿಟ್ಟು, "ಈ ದುಡ್ಡು ಏನ್ ಮಾಡ್ತೀಯ ತಾಯಿ?" ಎಂದು ಕೇಳುತ್ತಿದ್ದಳು.

ಏನೂ ಮಾಡಲ್ಲ, ಇಟ್ಕೋತೀನಿ ಎಂದು ಅವ್ವ ಅಂದಳು.

"ಎಲ್ಲಿಟ್ಕೋತೀಯ?"

ಅವ್ವ ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಹೇಳ್ಬೇಡ. ಸರಿ. ಆದ್ರೆ ಮನೆ ಒಳಗೆ ಬಚ್ಚಿಟ್ಟ ದುಡ್ಡು ಇಟ್ಟೋಳ್ದಲ್ಲ ತಾಯಿ, ಹುಡ್ಕಿದೋನ್ದು," ಎಂದಳು ಚಿಪ್ಪಿನವ್ವ.

ಹೀಗೆ ಶುರುವಾಯಿತು. ಒಲೆ ಸರಿಯಾಗಿ ಉರಿಯದ ಮನೆಯಲ್ಲಿ ಚೀಟಿ ಹಾಕಬೇಡ ಎಂದು ಒಬ್ಬಳಿಗೆ ಹೇಳಿದಳು. ಓಲೆ ಒತ್ತೆ ಇಡುವುದಾದರೆ ಗಂಡನನ್ನು ಕಳಿಸಬೇಡ, ನೀನೇ ಹೋಗು, ರಸೀತಿ ನಿನ್ನ ಹೆಸರಿಗೆ ಬರೆಸು ಎಂದು ಇನ್ನೊಬ್ಬಳಿಗೆ ಹೇಳಿದಳು. ತವರಿನವರು ಕೈಸಾಲ ಕೇಳಿದರೆ ಇರುವುದರಲ್ಲಿ ಅರ್ಧ ಮಾತ್ರ ಇದೆ ಅನ್ನಬೇಕು; ಅದು ಸುಳ್ಳಲ್ಲ, ಇನ್ನರ್ಧ ನಿನ್ನ ಮುಪ್ಪಿನದು ಎಂದು ಮತ್ತೊಬ್ಬಳಿಗೆ. ಎಲ್ಲಕ್ಕಿಂತ ದೊಡ್ಡ ಬುದ್ಧಿವಾದ ಒಂದೇ: ಪೋಸ್ಟಾಫೀಸಿನಲ್ಲಿ ನಿನ್ನ ಹೆಸರಿಗೆ ಒಂದು ಪುಸ್ತಕ ಮಾಡಿಸು. ಈ ಬುದ್ಧಿವಾದ ಬಿಟ್ಟಿಯಲ್ಲ ಎಂಬುದನ್ನೂ ಅವಳೇ ಹೇಳಿದಳು. ವರ್ಷಕ್ಕೊಂದು ದೊಡ್ಡ ಬಿದಿರು ಮಂಕರಿ ತುಂಬ ಚಿಪ್ಪನ್ನು ತೂಗದೆ, ದುಡ್ಡು ಕೊಡದೆ ಒಯ್ಯುವಳು. ಬೀದಿಯ ಹೆಂಗಸರು ಅದಕ್ಕೆ ಬುದ್ಧಿಮಂಕರಿ ಎಂದು ಹೆಸರಿಟ್ಟರು.

ನನಗೆ ಅಲ್ಲಿಂದಲೇ ತಲೆಯಲ್ಲಿ ಹುಳ ಹೊಕ್ಕಿತು. ಒಂದು ಮಂಕರಿ ಚಿಪ್ಪಿಗೆ ಇಷ್ಟೆಲ್ಲ ತಲೆನೋವು ಯಾರು ಹಚ್ಚಿಕೊಳ್ಳುತ್ತಾರೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾಲ್ಕನೇ ಕ್ಲಾಸಿನಲ್ಲೇ ಕಲಿತಿದ್ದೆ. ಅವಳ ಊರು ಯಾವುದೆಂದು ಕೇಳಿದರೆ ತರೀಕೆರೆ ಅನ್ನುತ್ತಿದ್ದಳು. ತರೀಕೆರೆಯಿಂದ ಮದುವೆಯಾಗಿ ಬಂದಿದ್ದ ಒಬ್ಬಳು, ಇಲ್ಲಪ್ಪ, ಅಲ್ಲಿ ಇವಳನ್ನು ಅಜ್ಜಂಪುರದವಳು ಅಂತಾರೆ ಎಂದಿದ್ದಳು. ಊರು ಸರಿಯಾಗಿ ಹೇಳದವಳನ್ನು ನಂಬುವುದು ಹೇಗೆ?

ಪುಸ್ತಕ ಮಾಡಿಸಿದರೂ ಮನೆಯಲ್ಲಿಟ್ಟುಕೊಳ್ಳಲು ಹೆಂಗಸರಿಗೆ ಧೈರ್ಯವಿರಲಿಲ್ಲ. ದುಡ್ಡಾದರೆ ಸಾಲ ಎಂದು ತೆಗೆದುಕೊಂಡು ಸುಮ್ಮನಾಗುತ್ತಾರೆ. ಪುಸ್ತಕ ಸಿಕ್ಕರೆ ಅದರಲ್ಲಿ ವರ್ಷಗಳ ಲೆಕ್ಕವೇ ಇರುತ್ತದೆ. ಹಾಗಾಗಿ ನಮ್ಮ ಬೀದಿಯ ಹನ್ನೊಂದು ಜನ ತಮ್ಮ ಪುಸ್ತಕಗಳನ್ನು ಚಿಪ್ಪಿನವ್ವನ ಹತ್ತಿರವೇ ಇಟ್ಟರು. ಗಂಡನಿಂದ ಬಚ್ಚಿಡಲು ಹೋಗಿ ಊರೇ ಗೊತ್ತಿಲ್ಲದವಳ ಕೈಗೆ ಕೊಟ್ಟರು. ನನಗೆ ಅವರ ತಲೆಯೊಳಗೆ ಏನಿದೆ ಎಂದು ಆಶ್ಚರ್ಯವಾಗುತ್ತಿತ್ತು. ಅವಳು ತಿಂಗಳಿಗೊಮ್ಮೆ ಬಂದು, ಚಿಪ್ಪಿನ ದುಡ್ಡನ್ನು ಅವರಿಂದಲೇ ಈಸಿಕೊಂಡು, ಪೋಸ್ಟಾಫೀಸಿನಲ್ಲಿ ಕಟ್ಟಿ, ಮೊಹರು ಹಾಕಿಸಿಕೊಂಡು ತಂದು ಹಿತ್ತಲಲ್ಲಿ ತೋರಿಸುವಳು. ಅವ್ವನಿಗೆ ಓದಲು ಬಾರದು. ಓದುವವಳು ನಾನು.

"ಓದು ಮಗಾ. ನನ್ ಕನ್ನಡಕ ಮರ್ತ್ ಬಂದ್ಬಿಟ್ಟೆ," ಎನ್ನುತ್ತಿದ್ದಳು ಪ್ರತಿ ಸಲ.

ಪ್ರತಿ ಸಲ ಕನ್ನಡಕ ಮರೆಯುವವಳ ಮೇಲೆ ನನಗೆ ಇನ್ನೂ ಅನುಮಾನ. ಅದೂ ಸಾಲದೆಂಬಂತೆ, ಪುಸ್ತಕಗಳನ್ನು ಅವಳು ಚೀಲದೊಳಗೇ ಕೈಯಾಡಿಸಿ, ಚೀಲದೊಳಗೇ ಏನನ್ನೋ ಬಿಚ್ಚಿ, ಬರೀ ಪುಸ್ತಕವನ್ನಷ್ಟೇ ಹೊರಗೆ ತೆಗೆಯುತ್ತಿದ್ದಳು. ಚೀಲದಲ್ಲಿ ಇನ್ನೇನಿದೆ ಎಂದು ಇಣುಕಿದರೆ ಬಾಯಿ ಮುಚ್ಚಿ ಹಿಡಿಯುತ್ತಿದ್ದಳು. ಅವಳು ಬಿಚ್ಚುತ್ತಿದ್ದದ್ದು ಏನೆಂದು ನನಗೆ ಗೊತ್ತಿತ್ತು. ಮುಂದಿನ ಎಲ್ಲಕ್ಕೂ ಕಾರಣವಾದದ್ದು ಅದೇ.

ಪುಸ್ತಕ ಮಾಡಿಸಿದ ದಿನ ಅವಳು ಪ್ರತಿಯೊಬ್ಬಳ ಹತ್ತಿರವೂ ಒಂದು ಸೀರೆ ತುಂಡು ಕೇಳಿದ್ದಳು. ಉಟ್ಟ ಸೀರೆಯದೇ ಆಗಬೇಕು, ಅಂಗೈಯಗಲ ಸಾಕು. ಆ ತುಂಡಿನಲ್ಲಿ ಪುಸ್ತಕ ಸುತ್ತಿಡುತ್ತೇನೆ, ಮುಂದೆ ಯಾವತ್ತಾದರೂ ಪುಸ್ತಕ ವಾಪಸ್ ಬೇಕೆಂದಾಗ ಅದೇ ಸೀರೆಯ ಇನ್ನೊಂದು ತುಂಡು ತಂದು ಹೊಂದಿಸಿ ತೋರಿಸಬೇಕು, ತೋರಿಸಿದವರಿಗೇ ಪುಸ್ತಕ ಎಂದಳು. ಒಬ್ಬಳ ಗುರುತು ಇನ್ನೊಬ್ಬಳಿಗೆ ಗೊತ್ತಾಗಬಾರದು ಎಂದೂ ಹೇಳಿದಳು. ತರೀಕೆರೆಯಲ್ಲಿ ಒಬ್ಬ ಗಂಡಸು ಮಗನ ಕೈಲಿ ಹೇಳಿ ಕಳಿಸಿ ಹೆಂಡತಿಯ ಪುಸ್ತಕ ತರಿಸಿಕೊಂಡಿದ್ದನಂತೆ. ನಂಬಿ ಕೊಟ್ಟಿದ್ದಕ್ಕೆ ಆ ಹೆಂಗಸು ಇವಳ ಮುಖಕ್ಕೆ ಉಗಿದಿದ್ದಳಂತೆ. ಅದಾದ ಮೇಲೆ ಈ ನಿಯಮ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಜಗುಲಿಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತ ಇಡೀ ಬೀದಿಗೆ ಕಾವಲಿದ್ದವಳು. ಸೀರೆ ತುಂಡಿನ ವಿಷಯ ಕೇಳಿ ಅವಳ ಕುಟ್ಟಾಣಿ ನಿಂತಿತು.

"ಉಟ್ಟ ಸೀರೆ ತುಂಡು, ತಲೆಗೂದ್ಲು, ಕಾಲಡಿ ಮಣ್ಣು. ಇವನ್ನ ಕಂಡೋರ ಕೈಗೆ ಕೊಟ್ಟು ಉಳ್ಕೊಂಡೋರಿಲ್ಲ ಕಣೇ. ಮಾಟ ಮಾಡ್ಸೋರು ಕೇಳೋದೇ ಇದನ್ನ. ನಿಮ್ಮವ್ವಂಗೆ ಹೇಳು ಹೋಗು," ಎಂದಳು.

ಹೇಳಿದೆ. ಅವ್ವ ಕೇಳಲಿಲ್ಲ. ಮಾಟ ಮಾಡಿ ಕಿತ್ಕೊಳೋಕೆ ನಮ್ಮನೇಲೇನೈತೆ ಅಂದಳು. ತನ್ನ ಬಸುರಿನೂಟಕ್ಕೆ ತವರಿನವರು ತಂದಿದ್ದ ಕೆಂಪಂಚಿನ ಹಸಿರು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ಒಳಸೆರಗಿನಿಂದ ಅಂಗೈಯಗಲ ಕತ್ತರಿಸಿ, ಪೇಪರಿನಲ್ಲಿ ಸುತ್ತಿ, "ಹಿತ್ಲಲ್ಲಿ ಕೂತವ್ಳೆ, ಕೊಟ್ ಬಾ" ಎಂದು ನನ್ನ ಕೈಗಿಟ್ಟಳು.

ಅಡಿಗೆಮನೆ ದಾಟುವಾಗ ಒಲೆಯ ಪಕ್ಕದಲ್ಲಿ ಮಸಿಬಟ್ಟೆ ಕಂಡಿತು. ಬಿಸಿ ಪಾತ್ರೆ ಇಳಿಸಿ ಇಳಿಸಿ ಕರ್ರಗಾಗಿ ಅಂಚು ಸುಟ್ಟ ಬಟ್ಟೆ. ಯಾರ ಯಾವ ಸೀರೆಯೋ, ಎಷ್ಟು ವರ್ಷದ್ದೋ. ಅದರಿಂದ ಒಂದು ತುಂಡು ಹರಿದು ಅದೇ ಪೇಪರಿನಲ್ಲಿ ಸುತ್ತಿದೆ. ಹಸಿರು ತುಂಡನ್ನು ಬಚ್ಚಲ ಒಲೆಗೆ ಹಾಕಿದೆ. ಅದು ಉರಿದು ಮುಗಿಯುವವರೆಗೆ ನಿಂತಿದ್ದು, ಆಮೇಲೆ ಹೋಗಿ ಪೇಪರಿನ ಪೊಟ್ಟಣವನ್ನು ಚಿಪ್ಪಿನವ್ವನ ಕೈಗೆ ಕೊಟ್ಟೆ. ಅವಳು ಬಿಚ್ಚಿ ನೋಡಲಿಲ್ಲ. ಪೊಟ್ಟಣದೊಳಗೆ ಎರಡು ಬೆರಳು ಹಾಕಿ ಮುಟ್ಟಿದಳು. ನನ್ನ ಮುಖವನ್ನೂ ಅಡಿಗೆಮನೆಯ ಬಾಗಿಲನ್ನೂ ಒಂದು ಸಲ ನೋಡಿ ಚೀಲಕ್ಕೆ ಹಾಕಿಕೊಂಡಳು. ನನಗೆ ಬಹಳ ಹೆಮ್ಮೆಯಾಯಿತು. ನಮ್ಮವ್ವನನ್ನು ಒಂದು ದೊಡ್ಡ ಗಂಡಾಂತರದಿಂದ ತಪ್ಪಿಸಿದ್ದೆ.

ಆರು ವರ್ಷ ಹೀಗೇ ನಡೆಯಿತು. ನಾನು ತಿಂಗಳು ತಿಂಗಳೂ ಅವ್ವನ ಪುಸ್ತಕ ಓದಿದೆ. ಒಮ್ಮೆಯೂ ತಪ್ಪು ಸಿಗಲಿಲ್ಲ. ಮೊಹರನ್ನು ಬೆಳಕಿಗೆ ಹಿಡಿದು ನೋಡಿದೆ, ಶಾಯಿ ಅಳಿಸಿದೆಯೇ ಎಂದು ಉಗುರಿನಿಂದ ಕೆರೆದೆ. ತಪ್ಪು ಸಿಗದಿದ್ದಷ್ಟೂ ಅನುಮಾನ ಬಲಿಯಿತು. ಚಿಕ್ಕ ಕಳ್ಳರು ಚಿಕ್ಕ ತಪ್ಪು ಮಾಡುತ್ತಾರೆ, ಇವಳು ಹನ್ನೊಂದು ಪುಸ್ತಕವೂ ತುಂಬಲಿ ಎಂದು ಕಾಯುತ್ತಿದ್ದಾಳೆ ಎಂದುಕೊಂಡೆ.

ನಾನು ಪಿಯುಸಿ ಮುಗಿಸಿ ಟೈಪಿಂಗ್ ಕಲಿಯುತ್ತಿದ್ದ ವರ್ಷ ಚಿಪ್ಪಿನವ್ವ ಒಂದು ತಿಂಗಳು ಬರಲಿಲ್ಲ. ಎರಡನೇ ತಿಂಗಳೂ ಇಲ್ಲ. ಮೂರನೇ ತಿಂಗಳು ಹಿತ್ತಲಲ್ಲಿ ಚಿಪ್ಪಿನ ಗುಡ್ಡೆ ಬೇಲಿಗಿಂತ ಎತ್ತರವಾಯಿತು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನೀರು ಹಿಡಿದು ಹೋಗುತ್ತಿದ್ದರು. ಯಾರ ಹತ್ತಿರ ಹೇಳುವುದು? ಪೊಲೀಸಿಗೆ ಹೋದರೆ ಗಂಡನಿಗೆ ಗೊತ್ತಾಗುತ್ತದೆ. ಗಂಡನಿಗೆ ಹೇಳಿದರೆ ಬೀದಿಗೇ ಗೊತ್ತಾಗುತ್ತದೆ. ಕದ್ದರೂ ಕೂಗುವಂತಿಲ್ಲದ ದುಡ್ಡು ಅದು. ನಾನು ಅಂದುಕೊಂಡದ್ದೇ ಆಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಹಿಗ್ಗಿದ್ದು ನಿಜ.

ಹಿಗ್ಗು ಇಳಿದದ್ದು ಶಿವನಿಯಿಂದ ಸುದ್ದಿ ಬಂದಾಗ. ಶಿವನಿ ಅವ್ವನ ತವರು. ಅಲ್ಲಿ ನನ್ನ ಅಜ್ಜಿಗೆ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದಕ್ಕೆ ಪೊರೆ ಬಂದಿತ್ತು. ಶಿವಮೊಗ್ಗದ ಡಾಕ್ಟರು ಪೊರೆ ತುಂಬಾ ಬಲಿತಿದೆ, ಇನ್ನು ತಡ ಮಾಡಿದರೆ ಕಣ್ಣೇ ಉಳಿಯಲ್ಲ ಎಂದು ಹೇಳಿ ಬರುವ ಗುರುವಾರ ಆಪರೇಷನ್ ಎಂದಿದ್ದರು. ಸೋದರಮಾವಂದಿರು ವಯಸ್ಸಾಯ್ತು, ಇನ್ನು ನೋಡೋದಾದ್ರೂ ಏನು ಅಂದುಬಿಟ್ಟರು. ಕೊಟ್ಟ ಹೆಣ್ಣು ತವರಿಗೆ ದುಡ್ಡು ಹಾಕುವುದು ನಮ್ಮಲ್ಲಿ ಗಂಡನ ಮನೆಗೂ ಅವಮಾನ, ತವರಿಗೂ ಅವಮಾನ. ಅಪ್ಪನನ್ನು ಕೇಳುವ ಹಾಗೇ ಇರಲಿಲ್ಲ. ಅವ್ವ ಆರು ವರ್ಷ ಚಿಪ್ಪಿನ ದುಡ್ಡು ಕೂಡಿಸಿದ್ದು ಯಾತಕ್ಕೆ ಎಂದು ನನಗೆ ಗೊತ್ತಾದದ್ದು ಆ ದಿನ. ಮೊದಲ ಕಣ್ಣು ಮಂಜಾದಾಗಲೇ ಅವಳು ಎರಡನೆಯದರ ಲೆಕ್ಕ ಹಾಕಿದ್ದಳು.

ಸೋಮವಾರ ಬೆಳಿಗ್ಗೆ ಅವ್ವ ನನ್ನನ್ನು ಕೋಣೆಗೆ ಕರೆದಳು. ಹಸಿರು ಸೀರೆ ತೆಗೆದು ಇನ್ನೊಂದು ತುಂಡು ಕತ್ತರಿಸಿದಳು.

"ತರೀಕೆರೆಗೆ ಹೋಗು. ಅಪ್ಪಂಗೆ ಟೈಪಿಂಗ್ ಪರೀಕ್ಷೆ ಫಾರಂ ತುಂಬ್ಬೇಕು ಅನ್ನು. ಅವಳ್ನ ಹುಡುಕಿ ಇದನ್ನ ತೋರ್ಸಿ ಪುಸ್ತಕ ಇಸ್ಕಂಡ್ ಬಾ," ಎಂದಳು.

ಆ ಹಸಿರು ಕಂಡದ್ದೇ ಬಚ್ಚಲ ಒಲೆ ನೆನಪಾಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನನಗೆ ಓದಲು ಬರುತ್ತದಲ್ಲ, ಪುಸ್ತಕದ ಮೇಲೆ ಅವ್ವನ ಹೆಸರಿದೆಯಲ್ಲ, ಓದಿ ತೋರಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಅದಕ್ಕೂ ಮೊದಲು ಅವಳು ಸಿಗಬೇಕಿತ್ತು. ಸಿಗುತ್ತಾಳೆಂಬ ನಂಬಿಕೆ ನನಗಿರಲಿಲ್ಲ.

ಬೀರೂರಿನ ಮೇಲೆ ಬಸ್ಸಿನಲ್ಲಿ ತರೀಕೆರೆಗೆ ಹೋದೆ. ಇಸ್ತ್ರಿ ಅಂಗಡಿಯವನೊಬ್ಬ ಇದ್ದಿಲ ಶೆಡ್ಡು ತೋರಿಸಿದ. ಬೀಗ. ಬೀಗದ ಮೇಲೆ ಜೇಡ ಬಲೆ ನೇಯ್ದಿತ್ತು. "ಮೂರು ತಿಂಗ್ಳಾಯ್ತು ಕಣಮ್ಮ ಅವಳು ಈ ಕಡೆ ತಲೆ ಹಾಕಿ. ಅಜ್ಜಂಪುರದಲ್ಲಿ ಒಂದು ಮನೆ ಐತೆ ಅಂತಾರೆ. ನಿಮ್ಗೂ ಬಾಕಿ ಕೊಡ್ಬೇಕಾ?" ಎಂದ. ಅವನಿಗೂ ಅನುಮಾನ ಇದ್ದದ್ದು ನೋಡಿ ನನಗೆ ಅಳು ಬರುವ ಹಾಗಾಯಿತು. ಇಷ್ಟು ದಿನ ನನ್ನ ಅನುಮಾನ ನಿಜವಾಗಲಿ ಎಂದು ಬಯಸಿದ್ದವಳು, ಅಜ್ಜಂಪುರದ ಬಸ್ಸಿನಲ್ಲಿ ಕೂತು ಅದು ಸುಳ್ಳಾಗಲಿ ದೇವರೇ ಎಂದು ಬೇಡಿಕೊಂಡೆ.

ಅಜ್ಜಂಪುರದಲ್ಲಿ ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೆಂಚಿನ ಒಂದೇ ಅಂಕಣದ ಮನೆ. ಬಾಗಿಲು ತೆರೆದೇ ಇತ್ತು. ಚಿಪ್ಪಿನವ್ವ ಮೂಲೆಯ ಮಂಚದ ಮೇಲಿದ್ದಳು. ಬಲಗಾಲಿಗೆ ತೊಡೆಯಿಂದ ಪಾದದವರೆಗೆ ಬಿದಿರಿನ ದಬ್ಬೆ ಕಟ್ಟಿತ್ತು. ಲಾರಿಗೆ ಇದ್ದಿಲ ಮೂಟೆ ಹಾಕಿಸುವಾಗ ಬಿದ್ದು ಮೂಳೆ ಮುರಿದಿತ್ತು.

ಕಂಡ ಕೂಡಲೇ ಮರುಕ ಬರಬೇಕಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ. "ಒಂದು ಕಾರ್ಡ್ ಹಾಕೋಕಾಗ್ಲಿಲ್ವಾ ನಿಮ್ಗೆ? ಅಲ್ಲಿ ಹನ್ನೊಂದು ಮನೆ ಹೆಂಗಸ್ರು ಊಟ ಬಿಟ್ಟವ್ರೆ," ಎಂದೆ.

"ಕಾರ್ಡ್ ಬರ್ಸಿದ್ರೆ ಬರೆಯೋನಿಗೆ ಗೊತ್ತಾಗ್ತಿತ್ತು, ಪೋಸ್ಟ್‌ಮ್ಯಾನಿಗೆ ಗೊತ್ತಾಗ್ತಿತ್ತು, ಕೊನೆಗೆ ನಿಮ್ಮಪ್ಪಂಗೂ ಗೊತ್ತಾಗ್ತಿತ್ತು," ಎಂದಳು ಅವಳು. ಆಮೇಲೆ ಮಂಚದ ಕೆಳಗೆ ಕೈ ತೋರಿಸಿ, "ಆ ಟ್ರಂಕ್ ಎಳಿ ಮಗಾ," ಎಂದಳು.

ಎಳೆದೆ. ಸೊಂಟದ ಬೀಗದ ಕೈಯಿಂದ ಅವಳೇ ತೆಗೆದಳು. ಒಳಗೆ ಎಷ್ಟೊಂದು ಪುಟ್ಟ ಗಂಟುಗಳು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯವು. ಹೂವಿನ ಚಿತ್ತಾರದ ವಾಯಿಲ್, ಕೈಮಗ್ಗದ ಚೌಕುಳಿ, ಬಣ್ಣ ಹೋದ ರೇಷ್ಮೆ. ಒಂದೊಂದು ಗಂಟೂ ಒಬ್ಬೊಬ್ಬ ಹೆಂಗಸಿನ ಮೈಮೇಲಿದ್ದ ಸೀರೆಯದು. ಅವುಗಳ ನಡುವೆ ಕರ್ರಗೆ ಒಂದು ಗಂಟು ಇತ್ತು. ಅವಳ ಕೈ ನೇರವಾಗಿ ಅದಕ್ಕೇ ಹೋಯಿತು.

"ಇದು ನಿಮ್ಮವ್ವಂದು. ತಂದಿರೋ ತುಂಡು ಕೊಡು."

ಹಸಿರು ತುಂಡು ಕೊಟ್ಟೆ. ಅದನ್ನೂ ಮಸಿಬಟ್ಟೆಯನ್ನೂ ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. "ಇದು ಅದಲ್ಲ," ಎಂದು ಹಸಿರು ತುಂಡನ್ನು ನನಗೆ ಹಿಂದಿರುಗಿಸಿದಳು.

"ಬಟ್ಟೆ ಬಿಡಿ. ಪುಸ್ತಕದ ಮೇಲೆ ನಮ್ಮವ್ವನ ಹೆಸರೈತೆ, ಓದಿ ನೋಡಿ," ಎಂದೆ.

"ಓದೋಕ್ ಬಂದಿದ್ರೆ ಈ ಬಟ್ಟೆ ಗಂಟು ಯಾಕೆ ಕಟ್ಕೋತಿದ್ದೆ?"

ಮರೆತುಬಂದ ಕನ್ನಡಕ ಯಾವತ್ತೂ ಇರಲೇ ಇಲ್ಲ. ಮೂರು ಊರಿನ ಹೆಂಗಸರಿಗೆ ದುಡ್ಡಿನ ಬುದ್ಧಿ ಹೇಳಿದವಳಿಗೆ ಒಂದು ಅಕ್ಷರ ಬಾರದು. ಪ್ರತಿ ತಿಂಗಳೂ ಅವಳು ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ, ಗುಮಾಸ್ತ ಬರೆದದ್ದು ಸರಿಯೋ ತಪ್ಪೋ ಎಂದು ತಿಳಿದುಕೊಳ್ಳುತ್ತಿದ್ದದ್ದು ನಾನು ಓದಿದಾಗ. ನಾನು ಅವಳನ್ನು ಕಾವಲು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ನನ್ನನ್ನು ನಂಬಿ ಕೂತಿದ್ದಳು.

ಆಗ ಎಲ್ಲ ಹೇಳಿದೆ. ಮುದುಕಿಯ ಮಾತು, ಬಚ್ಚಲ ಒಲೆ, ಮಸಿಬಟ್ಟೆ. ಅಜ್ಜಿಯ ಕಣ್ಣು, ಗುರುವಾರ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಮಸಿಬಟ್ಟೆ ಅಂತ ಆವತ್ತೇ ಗೊತ್ತಾಯ್ತು. ಮುಟ್ಟಿದ್ರೆ ಗೊತ್ತಾಗಲ್ವಾ? ಈ ತಾಯಿಗೆ ನನ್ ಮೇಲೆ ನಂಬ್ಕೆ ಇಲ್ಲ, ಆದ್ರೂ ಬೇರೆ ದಾರಿ ಇಲ್ದೆ ದುಡ್ ಕೊಡ್ತಾವ್ಳೆ ಅನ್ಕೊಂಡಿದ್ದೆ. ಕೇಳಿ ಅವಮಾನ ಮಾಡೋದ್ ಯಾಕೆ ಅಂತ ಸುಮ್ನಿದ್ದೆ," ಎಂದಳು.

"ಹಂಗಾದ್ರೆ ಪುಸ್ತಕ ಕೊಡಿ. ಅದು ಮಸಿಬಟ್ಟೆ ಅಂತ ನಾನೇ ಹೇಳಿದ್ನಲ್ಲ."

"ನೀನು ಹೇಳಿದೆ. ನಿಮ್ಮವ್ವಂಗೆ ಗೊತ್ತೇ ಇಲ್ಲ ಅಂತೀಯ. ಅಂದ್ಮೇಲೆ ಇದು ಅವಳ ಗುರುತಲ್ಲ, ನಿನ್ ಗುರುತು. ಪುಸ್ತಕ ಅವಳ್ದು." ದಬ್ಬೆ ಕಟ್ಟಿದ ಕಾಲನ್ನು ಎರಡೂ ಕೈಯಿಂದ ಸರಿಸಿಕೊಂಡಳು. "ನಿನ್ ಮುಖ ನಂಗ್ ಗೊತ್ತು. ಆದ್ರೆ ನಿನ್ನ ಕಳಿಸಿದ್ದು ಅವ್ವನೋ ಅಪ್ಪನೋ, ನಂಗೆ ಹೆಂಗ್ ಗೊತ್ತಾಗ್ಬೇಕು? ಒಂದ್ ಸಲ ಬಟ್ಟೆ ಬದಲಾಯ್ಸಿದೋಳು ನೀನು. ನಿಮ್ಮವ್ವನ್ನ ಕರ್ಕಂಡ್ ಬಾ."

ಅತ್ತುಬಿಟ್ಟೆ. ಕಾಲು ಹಿಡಿದೆ, ಮುರಿಯದ ಕಾಲನ್ನು. ಅವಳು ಟ್ರಂಕಿಗೆ ಬೀಗ ಹಾಕಿ, "ಐದ್ ಗಂಟೆ ಗಾಡಿ ಸಿಗುತ್ತೆ, ಓಡು" ಎಂದಳು. ಆರು ವರ್ಷ ಅವಳನ್ನು ನಾನು ನೋಡಿದ ಕಣ್ಣಿನಿಂದಲೇ ಅವಳು ನನ್ನನ್ನು ನೋಡಿದಳು. ಆ ನೋಟ ಎಷ್ಟು ಚುಚ್ಚುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದಾಗ ಅವ್ವ ಕೊಬ್ಬರಿ ಬಿಡಿಸುತ್ತ ಕೂತಿದ್ದಳು. ಅವಳು ನೋಡಿದ್ದು ನನ್ನ ಬರಿಗೈಯನ್ನು. ಚಿಪ್ಪಿನವ್ವ ಇದ್ದಾಳೆ, ಪುಸ್ತಕವೂ ಇದೆ ಎಂದು ಮೊದಲು ಹೇಳಿದೆ. ಉಳಿದದ್ದನ್ನು ಆಮೇಲೆ ಹೇಳಿದೆ. ಕೊಡಲಿ ಹಿಡಿದ ಕೈ ನಿಂತಿತು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ.

"ಆರು ವರ್ಷ ಅವಳ ಕಣ್ಣಲ್ಲಿ ಮಸಿಬಟ್ಟೆ ಕೊಟ್ಟೋಳಾಗಿದ್ನಲ್ಲೇ ನಾನು," ಎಂದಳು. ಇನ್ನೊಂದು ಚಿಪ್ಪು ಒಡೆದಳು. ಅದರೊಳಗಿನ ಕೊಬ್ಬರಿ ಹೋಳಾಯಿತು. ಅವ್ವನ ಕೈಯಲ್ಲಿ ಕೊಬ್ಬರಿ ಹೋಳಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಂಗಳವಾರ ತವರಿಗೆ ಹೋಗಿಬರುತ್ತೇನೆ ಎಂದು ಅಪ್ಪನಿಗೆ ಹೇಳಿ ಹೊರಟಳು. ನಾನೂ ಬರುತ್ತೇನೆ ಎಂದರೆ ಬೇಡ ಎಂದಳು. ಹಸಿರು ಸೀರೆಯನ್ನು ಚೀಲದಲ್ಲಿಟ್ಟುಕೊಳ್ಳಲಿಲ್ಲ, ಉಟ್ಟುಕೊಂಡೇ ಹೋದಳು. ಅಜ್ಜಂಪುರದಲ್ಲಿ ಇಳಿದು ಇಬ್ಬರೂ ಏನು ಮಾತಾಡಿದರೋ, ಅವ್ವ ಎಂದೂ ಹೇಳಲಿಲ್ಲ, ಕೇಳಲು ನನಗೆ ಬಾಯಿ ಬರಲಿಲ್ಲ. ಸಂಜೆ ಪುಸ್ತಕದೊಂದಿಗೆ ಬಂದಳು. ಬುಧವಾರ ಕಡೂರಿನ ಪೋಸ್ಟಾಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆದಳು. ಗುರುವಾರ ಶಿವಮೊಗ್ಗದಲ್ಲಿ ಅಜ್ಜಿಗೆ ಆಪರೇಷನ್ ಆಯಿತು. ಹಸಿರು ಪಟ್ಟಿ ಬಿಚ್ಚಿ ದಪ್ಪ ಗಾಜಿನ ಕನ್ನಡಕ ಹಾಕಿದ ಮೇಲೆ ಅಜ್ಜಿ ಮೊದಲು ಗುರುತಿಸಿದ್ದು ಅವ್ವನನ್ನು. ಎಷ್ಟು ಸೊರಗಿದ್ದೀಯೇ ಎಂದಳಂತೆ. ಒಂದು ದಿನ ಆ ಕಡೆ ಈ ಕಡೆ ಆಗಿದ್ದರೆ ಆ ಕಣ್ಣು ಹೋದ ಪಾಪ ನನ್ನ ತಲೆಯ ಮೇಲೆ ಬರುತ್ತಿತ್ತು.

ಚಿಪ್ಪಿನವ್ವ ಮತ್ತೆ ಕಡೂರಿಗೆ ಬಂದದ್ದು ದೀಪಾವಳಿ ಕಳೆದ ಮೇಲೆ. ಕೋಲೂರಿಕೊಂಡು, ಕುಂಟುತ್ತ. ಬೀದಿಯ ಹೆಂಗಸರಿಗೆ ಹೋದ ಜೀವ ಬಂದಂತಾಯಿತು. ಪಕ್ಕದ ಮನೆಯ ಮುದುಕಿ ಕೂಡ ಜಗುಲಿಯಿಂದ ಇಳಿದು ಬಂದು, "ಕಾಲ್ ಹೆಂಗೈತೆ?" ಎಂದು ಕೇಳಿದಳು. ಅವ್ವ ಬುದ್ಧಿಮಂಕರಿಯನ್ನು ತಾನೇ ತುಂಬಿದಳು, ಒಂದಲ್ಲ, ಎರಡು. ಹಸಿರು ಸೀರೆಯಿಂದ ಇನ್ನೊಂದು ತುಂಡು ಕತ್ತರಿಸಿ ತಾನೇ ಹಿತ್ತಲಿಗೆ ಬಂದು ಪುಸ್ತಕದ ಜೊತೆ ಅವಳ ಅಂಗೈಯಲ್ಲಿಟ್ಟಳು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಕೊಟ್ಟು ಬಾ ಎಂದು ನನಗೆ ಹೇಳಲಿಲ್ಲ. ಆಮೇಲೂ ಯಾವತ್ತೂ ಹೇಳಲಿಲ್ಲ.

ಚಿಪ್ಪಿನವ್ವ ಪೋಸ್ಟಾಫೀಸಿಗೆ ಹೋಗಿ ಬಂದು ಪುಸ್ತಕವನ್ನು ಎಂದಿನಂತೆ ನನ್ನ ಕೈಗೆ ಕೊಟ್ಟಳು. ಕನ್ನಡಕದ ಮಾತು ಎತ್ತಲಿಲ್ಲ. "ಓದು ಮಗಾ," ಎಂದಳು ಅಷ್ಟೇ. ಓದಿದೆ. ಕಟ್ಟಿದ್ದು ಇಷ್ಟು, ಉಳಿದದ್ದು ಇಷ್ಟು. ನನ್ನ ದನಿ ನನಗೇ ಕಳ್ಳದನಿ ಅನ್ನಿಸಿತು.

ಅವಳು ತಲೆಯಾಡಿಸಿ ಪುಸ್ತಕ ತೆಗೆದುಕೊಂಡಳು. ಬೇಲಿಯ ಆಚೆ ಮುದುಕಿಯ ಹೊಸ ಸೊಸೆ ಬಟ್ಟೆ ಹರವುತ್ತಿದ್ದಳು, ಎಸೆಸೆಲ್ಸಿ ಪಾಸಾದವಳು. ಚಿಪ್ಪಿನವ್ವ ಕೋಲೂರಿ ಎದ್ದು ಬೇಲಿಯ ಹತ್ತಿರ ಹೋದಳು. "ಇದೊಂಚೂರು ಓದವ್ವ," ಎಂದು ಪುಸ್ತಕವನ್ನು ಅವಳ ಮುಂದೆ ಹಿಡಿದಳು.

ಅವ್ವ ಅಲ್ಲೇ ಇದ್ದಳು. ಬೇಡ, ನಮ್ಮ ಹುಡುಗಿ ಓದಿದ್ದಾಳಲ್ಲ ಎಂದು ಒಂದು ಮಾತು ಅನ್ನುತ್ತಾಳೇನೋ ಎಂದು ಕಾದೆ. ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಆ ಹುಡುಗಿ ಏನು ಓದುತ್ತಾಳೆ ಎಂದು ಕಿವಿಗೊಟ್ಟು ನಿಂತಿದ್ದಳು. ಸೊಸೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದಳು. ನಾನು ಓದಿದ್ದನ್ನೇ ಓದಿದಳು. ಆಮೇಲೆ ಚಿಪ್ಪಿನವ್ವ ಪುಸ್ತಕವನ್ನು ಹಸಿರು ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.